ಬೀರುವಿನ ಬೀಗ ತೆಗೆದರೆ

ಹತ್ತನೇ ತರಗತಿಯ ಕನ್ನಡ ಪ್ರಬಂಧಗಳ ಕಟ್ಟು ಹಿಡಿದು ತಿದ್ದಲು ಕೂತ ಮೇಷ್ಟ್ರಿಗೆ ನಾಲ್ಕು ಹಾಳೆ ಮಗುಚುವಷ್ಟರಲ್ಲಿ ಬೇಸರ ಬರುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲವೂ ಸರಿಯಾಗಿವೆ, ಬರೆದ ಮಗು ಮಾತ್ರ ಎಲ್ಲೂ ಕಾಣುವುದಿಲ್ಲ. ಗೈಡಿನ ಒಂದೇ ವಾಕ್ಯ ಬೇರೆ ಬೇರೆ ಕೈಬರಹದಲ್ಲಿ ಬಂದಿರುತ್ತದೆ. ಇನ್ನಷ್ಟು ಬರೆದು ಅಭ್ಯಾಸ ಮಾಡಿ ಎಂದು ಹಿರಿಯರು ಹೇಳುತ್ತಾರೆ. ಓದದ ಮಗು ಎಷ್ಟು ಬರೆದರೂ ಗೈಡಿಗೇ ಹಿಂತಿರುಗುತ್ತದೆ.

ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1993ರಲ್ಲಿ 'ದಿ ಪವರ್ ಆಫ್ ರೀಡಿಂಗ್' ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಬರವಣಿಗೆಯ ಶೈಲಿ ಹುಟ್ಟುವುದು ಓದಿನಿಂದ. ಆ ಓದು ಮಗು ತಾನೇ ಆರಿಸಿಕೊಂಡದ್ದಾಗಿರಬೇಕು. ಕೊನೆಯಲ್ಲಿ ಪ್ರಶ್ನೋತ್ತರ ಇರಬಾರದು. ಹಿಡಿಸದಿದ್ದರೆ ಅರ್ಧಕ್ಕೇ ಮುಚ್ಚಿಡುವ ಸ್ವಾತಂತ್ರ್ಯ ಬೇಕು.

ಈ ಸ್ವಾತಂತ್ರ್ಯ ಕೊಡಲು ನಮ್ಮ ಮನೆಗಳಿಗೆ ಧೈರ್ಯ ಸಾಲದು. ಹದಿಮೂರರ ಹುಡುಗ ಪತ್ತೇದಾರಿ ಕತೆ ಹಿಡಿದರೆ ಪಾಠ ಓದು ಎಂಬ ಗದರಿಕೆ. ಆದರೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದಲೇ ಓದಿನ ರುಚಿ ಹತ್ತಿದ ಕನ್ನಡಿಗರು ಎಷ್ಟೋ ಮಂದಿ. ಕ್ರಿಕೆಟ್ ಪುಟವಾಗಲಿ, ಚಿತ್ರಕತೆಯಾಗಲಿ, ಶುರುವಿಗೆ ಎಲ್ಲವೂ ಒಳ್ಳೆಯದೇ.

ಇನ್ನು ಪುಸ್ತಕ ಎಲ್ಲಿದೆ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿಸುವ 'ಓದುವ ಬೆಳಕು' ಕಾರ್ಯಕ್ರಮ 2020ರ ನವೆಂಬರ್‌ನಲ್ಲಿ ಆರಂಭವಾಯಿತು. ಪಾಂಡವಪುರ ಬಳಿಯ ಹರಳಹಳ್ಳಿಯಲ್ಲಿ, ಹಿಂದೆ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಕಟ್ಟಿದ 'ಪುಸ್ತಕ ಮನೆ'ಗೆ ಯಾರು ಬೇಕಾದರೂ ಹೋಗಿ ಓದಬಹುದು. ಅದೇ ಎಷ್ಟೋ ಶಾಲೆಗಳಲ್ಲಿ ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಹೆದರಿಕೆಗೆ ಬೀರುವಿಗೆ ಬೀಗ ಬಿದ್ದಿರುತ್ತದೆ. ಓದಿ ಹರಿದ ಪುಸ್ತಕ ನಷ್ಟವಲ್ಲ ಎಂದು ಇಲಾಖೆ ಬರೆದುಕೊಡಬೇಕು.

ಆ ಬೀರುವಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಇರುವ ಸಾಧ್ಯತೆ ಹೆಚ್ಚು. 1980ರ ಈ ಕಾದಂಬರಿ ಶುರುವಾಗುವುದು ಜೇನುತುಪ್ಪ ಕೊಳ್ಳಲು ಜೇನು ಸೊಸೈಟಿಗೆ ಹೋದವನಿಂದ. ಅಲ್ಲಿಂದ ಹೊರಟ ಕತೆ ಮಂದಣ್ಣನೆಂಬವನನ್ನು ಕೂಡಿಕೊಂಡು, ಹಾರುವ ಓತಿಯ ಬೆನ್ನು ಹತ್ತಿ ಕಾಡು ಸೇರುತ್ತದೆ. ಪೀಠಿಕೆಯ ಗೊಡವೆಯೇ ಇಲ್ಲ. ಇದನ್ನು ಓದಿದ ಹಳ್ಳಿಯ ಹುಡುಗಿಗೆ ತಮ್ಮೂರಿನ ಹಾಲಿನ ಡೇರಿಯೂ ಬರೆಯುವಂಥ ಜಾಗವೇ ಅನ್ನಿಸಬಹುದು. 'ಹೈನುಗಾರಿಕೆಯ ಮಹತ್ವ' ಎಂಬ ಪ್ರಬಂಧವನ್ನು ಆಕೆ ಹೀಗೆ ಶುರುಮಾಡಿಯಾಳು: "ಫ್ಯಾಟ್ ಕಮ್ಮಿ ಬಂದ ದಿನ ನಮ್ಮಜ್ಜ ಎಮ್ಮೆಯನ್ನು ಮಾತಾಡಿಸುವುದಿಲ್ಲ."