ಮಣ್ಣಿನ ಪಾತ್ರೆಯಲ್ಲಿ ಚಹಾ ಮಾಡಿದರೆ ನೀರಿನ ಫ್ಲೋರೈಡ್ ಹೋಗುತ್ತದೆಯೇ?

ಮಣ್ಣಿನ ಪಾತ್ರೆಯಲ್ಲಿ ಚಹಾ ಮಾಡಿದರೆ ಆಸಿಡಿಟಿ ಹೋಗುತ್ತದೆ, ನೀರೂ ಶುದ್ಧವಾಗುತ್ತದೆ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಚೀನಾದವರು ನೂರಾರು ವರ್ಷಗಳಿಂದ ಹೀಗೇ ಮಾಡುತ್ತಾರೆ ಎಂಬ ಮಾತೂ ಅದಕ್ಕೆ ಅಂಟಿಕೊಂಡಿರುತ್ತದೆ. ಇದರಲ್ಲಿ ನಿಜವೆಷ್ಟು, ನೋಡೋಣ.

ಚೀನಾದ ಕೆಟಲ್ ವಿಶೇಷವೇನು?

ಚೀನಾದ ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್ ಊರು ಮಣ್ಣಿನ ಚಹಾ ಕೆಟಲ್‌ಗೆ ಹೆಸರುವಾಸಿ. ಒಳಗೆ ಗಾಜಿನಂಥ ಹೊಳಪಿನ ಲೇಪ ಇರುವುದಿಲ್ಲ. ಮಣ್ಣಿನ ಸಣ್ಣ ರಂಧ್ರಗಳು ಚಹಾದ ವಾಸನೆ, ರುಚಿಯನ್ನು ಸ್ವಲ್ಪ ಸ್ವಲ್ಪವೇ ಹೀರಿಕೊಳ್ಳುತ್ತವೆ. ಅದಕ್ಕೇ ಒಂದು ಕೆಟಲ್‌ನಲ್ಲಿ ಒಂದೇ ಬಗೆಯ ಚಹಾ ಮಾಡುವ ರೂಢಿ ಇದೆ. ಅಲ್ಲಿ ಎಲೆಯ ಮೇಲೆ ಬಿಸಿನೀರು ಸುರಿಯುತ್ತಾರೆ, ಹಾಲು ಹಾಕಿ ಕುದಿಸುವುದಿಲ್ಲ. ನಮ್ಮ ಹಾಲಿನ ಚಹಾ ಮಾಡಿದರೆ ಅದೇ ರಂಧ್ರಗಳಲ್ಲಿ ಹಾಲು ಉಳಿದು ವಾಸನೆ ಬರುತ್ತದೆ. ಒಟ್ಟಿನಲ್ಲಿ ಇದು ರುಚಿಯ ವಿಷಯ, ಔಷಧಿಯಲ್ಲ.

ಆಸಿಡಿಟಿ ಹೋಗುತ್ತದೆಯೇ?

ಇಲ್ಲ. ಸುಟ್ಟ ಮಣ್ಣಿನಿಂದ ಚಹಾಕ್ಕೆ ಇಳಿಯುವ ಅಂಶ ತೀರಾ ಕಡಿಮೆ. ಹೊಟ್ಟೆಯ ಆಮ್ಲ ತಗ್ಗಿಸಲು ಅದು ಸಾಲದು.

ನೀರು ಶುದ್ಧವಾಗುತ್ತದೆಯೇ?

ನಮ್ಮ ಭಾಗಕ್ಕೆ ಮುಖ್ಯವಾದ ಪ್ರಶ್ನೆ ಇದೇ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಇದೆ. ಕುಷ್ಟಗಿ, ಯಲಬುರ್ಗಾದ ಹಲವು ಹಳ್ಳಿಗಳು ಕೊಳವೆಬಾವಿ ನಂಬಿಕೊಂಡಿವೆ. ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಬಂಡೆಗಳಲ್ಲಿರುವ ಖನಿಜ ಕರಗಿ ನೀರಿಗೆ ಸೇರುತ್ತದೆ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಇದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಮುಂದೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮಾಮೂಲಿ ಗಡಿಗೆ ನೀರನ್ನು ತಣ್ಣಗಿಡುತ್ತದೆ, ಆದರೆ ಅದನ್ನು ಫ್ಲೋರೈಡ್ ಫಿಲ್ಟರ್ ಎಂದು ನಂಬುವಂತಿಲ್ಲ. ಇನ್ನೊಂದು ಸಂಗತಿ: ಚಹಾ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕುದಿಸಿದಾಗ ಅದು ಡಿಕಾಕ್ಷನ್‌ಗೆ ಇಳಿಯುತ್ತದೆ. ಅಂದರೆ ಫ್ಲೋರೈಡ್ ನೀರಿನಲ್ಲಿ ಮಾಡಿದ ಚಹಾದಲ್ಲಿ ಎರಡೂ ಕಡೆಯದು ಸೇರುತ್ತದೆ.

ಹಾಗಾದರೆ ಏನು ಮಾಡಬೇಕು?

• ನಿಮ್ಮ ಕೊಳವೆಬಾವಿ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಎಲ್ಲಿ ಮಾಡಿಸಬೇಕೆಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ.
• ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮಾತ್ರವಲ್ಲ, ಚಹಾ ಮತ್ತು ಅಡುಗೆಗೂ ಶುದ್ಧ ನೀರಿನ ಘಟಕದ ಆರ್‌ಒ ನೀರು ಬಳಸಿ. ಮಕ್ಕಳಿಗೆ ಇದು ಇನ್ನೂ ಮುಖ್ಯ.
• ಮಣ್ಣಿನ ಕಪ್ಪು ಇಷ್ಟವಾದರೆ ಧಾರಾಳವಾಗಿ ಬಳಸಿ. ಒಳಗೆ ಬಣ್ಣ ಬಳಿದು ಹೊಳಪು ಕೊಟ್ಟದ್ದು ಬೇಡ, ಕಳಪೆ ಲೇಪದಲ್ಲಿ ಸೀಸ ಇರುವುದುಂಟು.

ನಮ್ಮ ತೀರ್ಮಾನ: ಮಣ್ಣಿನ ಪಾತ್ರೆಯ ಚಹಾ ರುಚಿಯಾಗಿರಬಹುದು, ಆದರೆ ಅದು ನೀರನ್ನು ಶುದ್ಧ ಮಾಡುವುದಿಲ್ಲ. ಆ ಸಂದೇಶ ಮತ್ತೆ ಬಂದರೆ ಗ್ರೂಪಿನಲ್ಲಿ ಇಷ್ಟು ಕೇಳಿ: ನಮ್ಮೂರ ನೀರು ಪರೀಕ್ಷೆ ಆಗಿದೆಯೇ?