ಗಡಿಯಾರದ ಸರಪಳಿಯಲ್ಲಿ ತೂಗಿದ ಪಿಸ್ತೂಲು

ಚುನಾವಣೆ ಘೋಷಣೆಯಾದ ಕೂಡಲೇ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕೋವಿಯ ಮಾತು ಏಳುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕೃಷಿಕರು ಕಾಡುಹಂದಿ, ಮಂಗಗಳಿಂದ ತೋಟ ಕಾಯಲು ಇಟ್ಟುಕೊಂಡ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೇ, ಬೇಡವೇ ಎಂಬ ಚರ್ಚೆ ಮತ್ತೆ ಶುರುವಾಗುತ್ತದೆ. ಕೇಪಿನ ಕೋವಿಯಾಗಲಿ, ತೋಟೆ ಕೋವಿಯಾಗಲಿ, ಈ ಜಿಲ್ಲೆಯವರ ಪಾಲಿಗೆ ಕೋವಿಯೆಂದರೆ ಹೆಗಲಿಗೇರಿಸುವ, ಉದ್ದ ನಳಿಗೆಯ, ಬೇಸಾಯದ ಕೆಲಸಕ್ಕೆ ಬರುವ ವಸ್ತು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಲೋಕವಿದೆ. ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗುವ ಸ್ವಿಸ್‌ಮಿನಿಗನ್ ಎಂಬ ರಿವಾಲ್ವರಿನ ಉದ್ದ ಕೇವಲ 5.5 ಸೆಂ.ಮೀ. ತೂಕ 20 ಗ್ರಾಂಗೂ ಕಡಿಮೆ. ಅದರ ಗುಂಡಿನ ವ್ಯಾಸ 2.34 ಮಿ.ಮೀ. ಆರು ತೋಟೆ ತುಂಬುವ ಗಾಲಿ ಅದರಲ್ಲಿ ತಿರುಗುತ್ತದೆ, ಸುತ್ತಿಗೆ ಬೀಳುತ್ತದೆ, ಗುಂಡು ನಿಜವಾಗಿಯೇ ಹಾರುತ್ತದೆ. ಕೆಲಸ ಮಾಡುವ ರಿವಾಲ್ವರುಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದೆಂದು ಗಿನ್ನೆಸ್ ದಾಖಲೆಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಚಿನ್ನದಲ್ಲಿ ಮಾಡಿ ವಜ್ರ ಕೂರಿಸಿದ ಮಾದರಿಗಳೂ ಇವೆ.

ಇಂಥದ್ದನ್ನು ನೋಡಿದವರು ಸಹಜವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಇದರಿಂದ ಏನಾದರೂ ಪ್ರಯೋಜನವಿದೆಯೇ? ಇಲ್ಲವಾದರೆ ಜನ ಇದಕ್ಕೆ ಅಷ್ಟು ದುಡ್ಡು ಸುರಿಯುವುದೇಕೆ?

ಮೊದಲ ಪ್ರಶ್ನೆಗೆ ಉತ್ತರ ಆಸ್ಟ್ರಿಯಾದಲ್ಲಿದೆ. ಅಲ್ಲಿನ ಕ್ರೆಮ್ಸ್ ಊರಿನ ಗಡಿಯಾರ ಕುಶಲಕರ್ಮಿ ಫ್ರಾಂಟ್ಸ್ ಫ್ಯಾನಲ್ 1910ರಲ್ಲಿ ಪುಟ್ಟ ಪಿಸ್ತೂಲೊಂದಕ್ಕೆ ಪೇಟೆಂಟ್ ಪಡೆದ. 1914ರಲ್ಲಿ ಅದು 'ಕೊಲಿಬ್ರಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮಹಿಳೆಯರು ಕೈಚೀಲದಲ್ಲಿಟ್ಟುಕೊಳ್ಳಬಹುದಾದ ಆತ್ಮರಕ್ಷಣೆಯ ಆಯುಧ ಎಂಬುದು ಅದರ ವರ್ಣನೆ. ಗುಂಡಿನ ವ್ಯಾಸ 2.7 ಮಿ.ಮೀ., ತೂಕ 0.2 ಗ್ರಾಂ, ಅಂದರೆ ಹತ್ತು ಅಕ್ಕಿಕಾಳಿನಷ್ಟು. ನಳಿಗೆ ಎಷ್ಟು ಸಪೂರವೆಂದರೆ ಅದರೊಳಗೆ ಗುಂಡನ್ನು ತಿರುಗಿಸಿ ನೇರ ಕಳಿಸುವ ಸುರುಳಿ ಗೀರುಗಳನ್ನು ಕೊರೆಯಲು ಆ ಕಾಲದ ಯಂತ್ರಗಳಿಂದ ಆಗಲಿಲ್ಲ. ಹಾಗಾಗಿ ಗುರಿಗೂ ಗುಂಡಿಗೂ ಸಂಬಂಧವೇ ಉಳಿಯಲಿಲ್ಲ. ಸುಮಾರು 1,000 ಪಿಸ್ತೂಲುಗಳಿಗೆ ತಯಾರಿಕೆ ಮುಗಿಯಿತು.

ಕೊಲಿಬ್ರಿಯ ಗುಂಡಿನಲ್ಲಿರುವ ಶಕ್ತಿ ಸುಮಾರು 4 ಜೂಲ್. ಜಾನ್ ಬ್ರೌನಿಂಗ್ 1905ರ ಸುಮಾರಿಗೆ ಅಂಗಿಯ ಕಿಸೆಗೆಂದು ರೂಪಿಸಿದ 6.35 ಮಿ.ಮೀ. ಪಿಸ್ತೂಲಿನದು ಸುಮಾರು 90 ಜೂಲ್. ಪೊಲೀಸರು, ಸೈನಿಕರು ಬಳಸುವ 9 ಮಿ.ಮೀ. ಗುಂಡಿನದು 450 ಜೂಲ್‌ಗೂ ಹೆಚ್ಚು. ಸ್ವಿಸ್‌ಮಿನಿಗನ್ನಿನ ಗುಂಡು ಒಂದು ಜೂಲ್ ಕೂಡ ಮುಟ್ಟುವುದಿಲ್ಲ. ಶಕ್ತಿಯ ಕೊರತೆಯೊಂದೇ ಅಲ್ಲ. ಇಷ್ಟು ಸಣ್ಣ ಹಿಡಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಬೇಕೇ ಹೊರತು ಮುಷ್ಟಿ ಕಟ್ಟಲಾಗದು. ಗುರಿ ಹಿಡಿಯಲು ನಳಿಗೆಯ ಮೇಲೆ ಗುರುತಿದ್ದರೂ ಕಣ್ಣಿಗೆ ನಿಲ್ಲದು. ಬೆರಳು ನಳಿಗೆಯ ಬಾಯಿಗೆ ಅಡ್ಡ ಬರುವ ಅಪಾಯ ಬೇರೆ. ಗಾಬರಿಯ ಹೊತ್ತಿನಲ್ಲಿ ಬೆವರಿದ ಕೈಗೆ ಇದು ದಕ್ಕುವ ವಸ್ತುವಲ್ಲ.

ಹಾಗೆಂದು ಕಿಸೆಪಿಸ್ತೂಲುಗಳೆಲ್ಲ ನಿರುಪದ್ರವಿಗಳೆಂದು ತಿಳಿಯುವುದು ದೊಡ್ಡ ತಪ್ಪು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ಅಬ್ರಹಾಂ ಲಿಂಕನ್ನರ ಜೀವ ತೆಗೆದದ್ದು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಮಾಡಿದ, ಆರು ಇಂಚಿಗೂ ಕಡಿಮೆ ಉದ್ದದ, ಒಂದೇ ಈಡಿನ ಪಿಸ್ತೂಲು. ಅದರ ಮೈ ಚಿಕ್ಕದು, ನಳಿಗೆಯ ಬಾಯಿ ಮಾತ್ರ 11 ಮಿ.ಮೀ. ಹಂತಕ ಬೂತ್ ಅದನ್ನು ಹಾರಿಸಿದ್ದು ತೀರ ಹತ್ತಿರದಿಂದ. ಕೊಲಿಬ್ರಿಯಂಥದ್ದೂ ಕಣ್ಣಿಗೆ ಬಡಿದರೆ ದೃಷ್ಟಿ ಹೋಗಬಹುದು. ಆಟಿಕೆಯಂತೆ ಕಾಣುವುದರಿಂದಲೇ ಮಕ್ಕಳಿರುವ ಮನೆಯಲ್ಲಿ ಇವುಗಳ ಅಪಾಯ ಹೆಚ್ಚು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ ಇಂಥ ವಿಚಿತ್ರಗಳಿಗೆ ಸುಗ್ಗಿಯ ಕಾಲ. ಸೈಕಲ್ ಹೊಸತಾಗಿ ಬಂದಾಗ ಸವಾರರ ಬೆನ್ನು ಹತ್ತುತ್ತಿದ್ದ ನಾಯಿಗಳನ್ನು ಓಡಿಸಲೆಂದೇ ಪ್ಯಾರಿಸ್ಸಿನ ಗಾಲಾನ್ 'ವೆಲೊಡಾಗ್' ಎಂಬ ಪುಟ್ಟ ರಿವಾಲ್ವರ್ ಮಾಡಿದ. ಕೊಲ್ಲಲು ಮನಸ್ಸಿಲ್ಲದವರಿಗಾಗಿ ಮೆಣಸಿನ ಪುಡಿ ತುಂಬಿದ ತೋಟೆಗಳೂ ಸಿಗುತ್ತಿದ್ದವು. ಅದೇ ಕಾಲದಲ್ಲಿ ಫ್ರಾನ್ಸಿನ ಟುರ್ಬಿಯೊ ಅಂಗೈಯಲ್ಲಿ ಹಿಸುಕಿದರೆ ಹಾರುವ, ಚಪ್ಪಟೆ ಡಬ್ಬಿಯಂಥ ಪಿಸ್ತೂಲನ್ನು ತಂದ. ಆಸ್ಟ್ರಿಯಾದ 'ಬೆರ್ಲೋಕ್' ಪಿಸ್ತೂಲಂತೂ ಕಿಸೆಗಡಿಯಾರದ ಸರಪಳಿಗೆ ತೂಗುಹಾಕುವ ಒಡವೆ. 2 ಮಿ.ಮೀ. ತೋಟೆ ಹಾಕಿದರೆ ಚಟ್ಟೆಂದು ಸದ್ದು ಮಾಡುವುದೇ ಅದರ ಮುಖ್ಯ ಕೆಲಸ.

ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಸಿಗುತ್ತದೆ. ಇವುಗಳ ಬೆಲೆ ಗುಂಡಿನಲ್ಲಿಲ್ಲ, ಕೈಕೆಲಸದಲ್ಲಿದೆ. ದೊಡ್ಡ ಪಿಸ್ತೂಲಿನ ಒಂದೊಂದು ಭಾಗವನ್ನೂ ಗಡಿಯಾರದ ಹಲ್ಲುಚಕ್ರದ ಗಾತ್ರಕ್ಕೆ ಇಳಿಸಿ, ಅದು ನಡೆಯುವಂತೆ ಮಾಡುವುದು ಲೋಹಗಾರಿಕೆಯ ಕಠಿಣ ಪರೀಕ್ಷೆ. ಕೊಲಿಬ್ರಿಯ ಕರ್ತೃ ಗಡಿಯಾರದವನಾಗಿದ್ದುದು ಆಕಸ್ಮಿಕವಲ್ಲ. ಮಂಗಳೂರಿನವರಿಗೆ ಈ ಮಾತು ಬೇಗ ತಿಳಿಯಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಮಿಷನ್ನಿನವರು ಈ ಊರಿಗೆ ಮುದ್ರಣ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ, ಆಮೇಲೆ ಯಂತ್ರ ಕಾರ್ಯಾಗಾರವನ್ನು ತಂದವರು. ಗಡಿಯಾರದ ಕೆಲಸವನ್ನೂ ಇಲ್ಲಿ ಕಲಿಸಲು ಯತ್ನಿಸಿದವರು. ಹೆಂಚಿನಷ್ಟು ಅದು ಬೇರೂರಲಿಲ್ಲವಾದರೂ, ಸೂಕ್ಷ್ಮ ಲೋಹದ ಕೆಲಸಕ್ಕೆ ಎಂಥ ಕಣ್ಣು, ಎಂಥ ತಾಳ್ಮೆ ಬೇಕೆಂದು ಕರಾವಳಿಯ ಕುಶಲಕರ್ಮಿಗಳು, ಅಕ್ಕಸಾಲಿಗರು ಬಲ್ಲರು.

ಸಂಗ್ರಾಹಕರು ಏನನ್ನು ಹುಡುಕುತ್ತಾರೆ ಎನ್ನುವುದಕ್ಕೆ ಕರ್ನಾಟಕದ್ದೇ ಒಳ್ಳೆಯ ನಿದರ್ಶನವಿದೆ. ಮಂಗಳೂರಿನ ಕೋಟೆಗಾಗಿ ಕಾದಾಡಿ 1784ರ ಮಾರ್ಚ್ 11ರಂದು ಇಲ್ಲಿಯೇ ಒಪ್ಪಂದ ಮಾಡಿಕೊಂಡ ಟಿಪ್ಪು ಸುಲ್ತಾನ್, ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಬಂದೂಕು, ಪಿಸ್ತೂಲು ಮಾಡಿಸಿದ. ಅವು ಪುಟಾಣಿಗಳಲ್ಲ, ಆದರೆ ವಿಶೇಷವಾದವು. ಜೋಡಿ ಪಿಸ್ತೂಲುಗಳಲ್ಲಿ ಒಂದರ ಕಿಡಿಯಂತ್ರ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ. ಮೈಮೇಲೆ ಹುಲಿಪಟ್ಟೆ, ಮಾಡಿದವನ ಹೆಸರು, ಊರು, ವರ್ಷ. ರಾಬಿನ್ ವಿಗಿಂಗ್ಟನ್ ಎಂಬ ಬ್ರಿಟಿಷ್ ಸಂಗ್ರಾಹಕ ಇವುಗಳ ಬಗ್ಗೆ 1992ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಅವನ ಸಂಗ್ರಹ 2005ರಲ್ಲಿ ಲಂಡನ್ನಿನ ಸದಬೀಸ್ ಹರಾಜಿಗೆ ಬಂದಾಗ ಬಂಟ್ವಾಳ ಮೂಲದ ಉದ್ಯಮಿ ವಿಜಯ ಮಲ್ಯ ಅದರಲ್ಲಿ ಹಲವನ್ನು ಕೊಂಡರು. ಮಾಡಿದವರು ಯಾರು, ಎಲ್ಲಿ, ಯಾವಾಗ, ಎಷ್ಟು, ಯಾರ ಕೈಯಿಂದ ಬಂತು: ಪುಟಾಣಿ ಪಿಸ್ತೂಲಿಗೂ ಇವೇ ಪ್ರಶ್ನೆಗಳು. ಮೂಲ ಪೆಟ್ಟಿಗೆ ಜೊತೆಗಿದ್ದರೆ ಬೆಲೆ ಏರುತ್ತದೆ. ಕೊಲಿಬ್ರಿಯ ಬಿಡಿ ತೋಟೆಯೊಂದಕ್ಕೂ ಗಿರಾಕಿಗಳಿದ್ದಾರೆ.

ಆಸೆಪಟ್ಟವರು ಮೊದಲು ನೋಡಬೇಕಾದ್ದು ಕಾನೂನನ್ನು. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿನ ಗಾತ್ರ ಕೇಳುವುದಿಲ್ಲ. ಮದ್ದಿನಿಂದ ಗುಂಡು ಹಾರಿಸುವುದೆಲ್ಲ ಅದರ ಕಣ್ಣಿಗೆ ಬಂದೂಕೇ. 2016ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್ ಒಳಗಿನ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಅದರ ಐದನೇ ಒಂದು ಪಾಲು ಶಕ್ತಿಯ ಕೊಲಿಬ್ರಿಯಾದರೋ ಮದ್ದಿನಿಂದ ಹಾರುವುದರಿಂದ ಕಾಯ್ದೆಯೊಳಗೆ ಬರುತ್ತದೆ. ಮಂಗಳೂರು ನಗರದೊಳಗೆ ಪರವಾನಗಿ ಕೊಡುವುದು ಪೊಲೀಸ್ ಆಯುಕ್ತರು, ನಗರದ ಹೊರಗೆ ಜಿಲ್ಲಾಧಿಕಾರಿ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ್ದು ಎರಡೇ ಬಂದೂಕು. ಕೊಲ್ಲಿ ದೇಶಗಳಿಗೆ, ಯುರೋಪಿಗೆ ಓಡಾಡುವ ಮಂಗಳೂರಿಗರಿಗೆ ಇನ್ನೊಂದು ಎಚ್ಚರಿಕೆ: ಕೀಲಿಗೊಂಚಲಿನ ಅಲಂಕಾರವೆಂದು ಮಾರುವ ಮದ್ದಿನ ಪಿಸ್ತೂಲನ್ನು ಸೂಟ್‌ಕೇಸಿನಲ್ಲಿ ತಂದರೆ ಬಜ್ಪೆ ನಿಲ್ದಾಣದಲ್ಲಿ ಅದು ಅಲಂಕಾರವಾಗಿ ಉಳಿಯುವುದಿಲ್ಲ. ವಿಮಾನದೊಳಗೆ ಒಯ್ಯುವ ಚೀಲದಲ್ಲಿ ಆಟಿಕೆ ಪಿಸ್ತೂಲಿಗೂ ಅವಕಾಶವಿಲ್ಲ.

ಆತ್ಮರಕ್ಷಣೆಗೇ ಬೇಕೆನ್ನುವವರಿಗೆ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ 'ನಿರ್ಭೀಕ್' ಎಂಬ .32 ರಿವಾಲ್ವರ್ ತಂದಿತು. ಮಹಿಳೆಯರಿಗೆಂದು ಹಗುರ ಮಾಡಿದ ಅದರ ತೂಕವೂ ಸುಮಾರು 500 ಗ್ರಾಂ. ಕೆಲಸಕ್ಕೆ ಬರುವ ಆಯುಧವನ್ನು ಎಷ್ಟರ ಮಟ್ಟಿಗೆ ಇಳಿಸಬಹುದು ಎನ್ನುವುದಕ್ಕೆ ಆ ಅರ್ಧ ಕಿಲೋ ಒಂದು ಅಳತೆ.

ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಪುಟ್ಟ ಪಿಸ್ತೂಲೊಂದು ಸಿಕ್ಕರೆ? ಮೊದಲನೆಯದಾಗಿ, ಈಡು ತುಂಬಿದೆಯೆಂದೇ ಭಾವಿಸಬೇಕು. ಟ್ರಿಗರ್ ಒತ್ತಿ ನೋಡಬಾರದು. ಪರವಾನಗಿದಾರರು ತೀರಿಕೊಂಡಿದ್ದರೆ ಠಾಣೆಗೆ ತಿಳಿಸಿ, ಅಲ್ಲಿ ಅಥವಾ ಪರವಾನಗಿ ಹೊಂದಿದ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ವಾರಸುದಾರರು ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ನಿಜವಾದ ಪುರಾತನ ಶಸ್ತ್ರಗಳಿಗೆ 2020ರ ತಿದ್ದುಪಡಿ ಸ್ವಲ್ಪ ಸಡಿಲಿಕೆ ಕೊಟ್ಟಿದೆ: ಅವುಗಳನ್ನು ಹೊಂದಲು ಪರವಾನಗಿ ಬೇಡ, ಬಳಸಲು ಅಥವಾ ಬೇರೆಡೆಗೆ ಒಯ್ಯಲು ಬೇಕು. ಯಾವುದು ಆ ಪಟ್ಟಿಗೆ ಸೇರುತ್ತದೆ ಎಂಬುದನ್ನು ಮನೆಯವರು ತೀರ್ಮಾನಿಸದೆ ಅಧಿಕಾರಿಗಳನ್ನೇ ಕೇಳುವುದು ಕ್ಷೇಮ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು 1972ರ ಕಾಯ್ದೆಯಂತೆ ಖಾಸಗಿಯವರು ವಿದೇಶಕ್ಕೆ ಮಾರಿ ಕಳಿಸುವಂತಿಲ್ಲ.

ಕರಾವಳಿಯಲ್ಲಿ ಇಂಥವನ್ನು ಉಳಿಸಿಕೊಳ್ಳುವುದೇ ಒಂದು ಸಾಹಸ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಉಕ್ಕನ್ನು ಬೇಗ ತಿನ್ನುತ್ತವೆ. ಚರ್ಮದ ಚೀಲ ತೇವ ಹಿಡಿಯುವುದರಿಂದ ಅದರಲ್ಲಿ ಇಡಬಾರದು. ಈಡಿಲ್ಲವೆಂದು ತಿಳಿದವರು ಖಚಿತಪಡಿಸಿದ ಮೇಲೆ ತೆಳ್ಳಗೆ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೀಗದ ಪೆಟ್ಟಿಗೆಯಲ್ಲಿಡಬೇಕು. ತುಕ್ಕು ಕಂಡಿತೆಂದು ಮರಳುಕಾಗದ ಹಾಕಿ ಉಜ್ಜಿದರೆ ತಯಾರಕನ ಮುದ್ರೆ, ವರ್ಷ, ಮೂಲ ಬಣ್ಣ ಮೂರೂ ಅಳಿಸಿಹೋಗುತ್ತವೆ. ಹರಾಜಿನಲ್ಲಿ ದುಡ್ಡು ಬರುವುದು ಅವಕ್ಕೇ.