ಗಡಿಗೆಗೂ ಬೆವರು ಬರುತ್ತದೆ!

“ಗಡಿಗೆಯ ನೀರು ಏಕೆ ತಣ್ಣಗಿರುತ್ತದೆ?” ಬೇಸಿಗೆ ಹತ್ತಿರ ಬಂದಾಗ ಎಂಟನೆಯ ತರಗತಿಯಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಇದು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅದಕ್ಕೂ ಬೆವರು ಬರ್ತದ್ರಿ ಸರ” ಎಂದ. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಪಠ್ಯಪುಸ್ತಕ ಅರ್ಧ ಪುಟದಲ್ಲಿ ಹೇಳುವುದನ್ನು ಅವನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ.

ಆದರೆ ಪಾಠ ಹೇಳುವುದು ಬೇರೆ, ಅದನ್ನು ಮನೆಗೆ ಒಯ್ಯುವುದು ಬೇರೆ. ಇದು ನನಗೆ ಅರ್ಥವಾದದ್ದು ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ. ನಮ್ಮ ರಾಯಚೂರು ಕಡೆಯ ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ. ಅವ್ವ ತಗಡಿನ ಛಾವಣಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿಕೊಂಡು ಮಲಗಿದ್ದಳು. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಕೇಳಿದರೆ, “ನೀರಡಿಕಿ ಇಲ್ಲಪ್ಪ, ಸುಮ್ಮನ ಯಾಕ ಕುಡೀಲಿ?” ಎಂದಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ, ಎಂದೋ ತೀರಿಹೋದ ನನ್ನ ಸೋದರಮಾವನ ಹೆಸರಿನಿಂದ ನನ್ನನ್ನು ಕರೆದಳು. ವಯಸ್ಸಿನ ಮರೆವು ಎಂದುಕೊಂಡೆ. ನನ್ನ ಹೆಂಡತಿ ಬಂದು ಮೈ ಮುಟ್ಟಿ, “ಕೆಂಡದಂಗ ಸುಡಾಕತ್ತದ, ಒಂದು ಹನಿ ಬೆವರಿಲ್ಲ” ಎಂದಾಗಲೇ ನನಗೆ ಎಚ್ಚರವಾದದ್ದು. ಒದ್ದೆ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ದೆವು. ಅವ್ವ ಉಳಿದಳು. ಬಾಷ್ಪೀಕರಣದ ಪಾಠವನ್ನು ವರ್ಷವರ್ಷವೂ ಮಾಡುತ್ತ ಬಂದ ಮಾಸ್ತರನ ಮನೆಯಲ್ಲೇ ಹೀಗಾಗಿತ್ತು.

ಒಂದು ಲೋಟದ ಲೆಕ್ಕ

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್, ಚರ್ಮದ್ದು ಸುಮಾರು 35. ಹೊರಗಿನ ಗಾಳಿ ಇದಕ್ಕಿಂತ ತಂಪಾಗಿದ್ದರೆ ದೇಹದ ಶಾಖ ತಾನಾಗಿ ಹೊರಗೆ ಹರಿಯುತ್ತದೆ. ಗಾಳಿಯೇ 42 ಡಿಗ್ರಿ ಇದ್ದರೆ? ಶಾಖ ಹೊರಗಿನಿಂದ ಒಳಗೆ ಬರುತ್ತದೆ. ಆಗ ದೇಹಕ್ಕೆ ಉಳಿಯುವುದು ಒಂದೇ ದಾರಿ, ಬೆವರು.

ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಇದೇ ನೀವು ಓದುವ ಗುಪ್ತೋಷ್ಣ. 200 ಮಿಲಿಲೀಟರಿನ ಒಂದು ಲೋಟ ನೀರು ಬೆವರಾಗಿ ಆವಿಯಾದರೆ 116 ಕಿಲೊಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. 60 ಕಿಲೊ ತೂಕದ ದೇಹದ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 50 ಕಿಲೊಕ್ಯಾಲೊರಿ ಸಾಕು. ಈಗ ಭಾಗಿಸಿ ನೋಡಿ: ಒಂದು ಲೋಟ ನೀರು ನಮ್ಮ ಮೈ ಎರಡು ಡಿಗ್ರಿಗೂ ಹೆಚ್ಚು ಕಾಯುವುದನ್ನು ತಪ್ಪಿಸಬಲ್ಲದು! ಆದರೆ ಬೆವರು ಮೈಮೇಲೆಯೇ ಆವಿಯಾಗಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪಿಲ್ಲ.

ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಬೆವರು ಬೇಗ ಆವಿಯಾಗಲು ನೆರವಾಗುತ್ತದೆ, ಅಷ್ಟೆ. ಬೆವರೇ ಇಲ್ಲದ ಮೈಮೇಲೆ 42 ಡಿಗ್ರಿಯ ಗಾಳಿ ಬೀಸಿದರೆ ಅದು ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ವಯಸ್ಸಾದವರಲ್ಲಿ ಬೆವರೂ ಕಡಿಮೆ, ನೀರಡಿಕೆಯ ಅರಿವೂ ಕಡಿಮೆ. ಅವ್ವನಿಗೆ ಆದದ್ದು ಇದೇ.

ಎರಡು ಥರ್ಮಾಮೀಟರ್

ಶಾಲೆಯ ಪ್ರಯೋಗಾಲಯದ ಎರಡು ಥರ್ಮಾಮೀಟರ್‌ಗಳಿಂದ (ಡಾಕ್ಟರರ ಥರ್ಮಾಮೀಟರ್ ಬೇಡ) ಒಂದು ಪ್ರಯೋಗ ಮಾಡಬಹುದು. ಒಂದರ ಬುಡಕ್ಕೆ ಒದ್ದೆ ಅರಳೆ ಬಟ್ಟೆ ಸುತ್ತಿ ನೆರಳಿನಲ್ಲಿ ತೂಗುಹಾಕಿ, ಬೀಸಣಿಗೆಯಿಂದ ಗಾಳಿ ಬೀಸಿ. ಗಾಳಿ 42 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇದ್ದರೆ, ಒದ್ದೆ ಥರ್ಮಾಮೀಟರ್ ಸುಮಾರು 24 ಡಿಗ್ರಿಗೆ ಇಳಿಯುತ್ತದೆ. ಕಲಬುರಗಿ, ರಾಯಚೂರಿನ ಒಣಹವೆ ಇಂಥದ್ದು. ಮಂಗಳೂರಿನಂಥ ಕಡಲತೀರದಲ್ಲಿ ಗಾಳಿ 34 ಡಿಗ್ರಿ, ತೇವಾಂಶ ಶೇಕಡಾ 70 ಇದ್ದರೆ ಅದು ಇಳಿಯುವುದು ಸುಮಾರು 29ಕ್ಕೆ ಮಾತ್ರ. ಬಿಸಿಲು ಕಡಿಮೆಯಿದ್ದರೂ ಅಲ್ಲಿ ಮೈ ಅಂಟಂಟಾಗಿ ಜೀವ ಚಡಪಡಿಸುವುದು ಇದಕ್ಕೇ.

ಒಣಹವೆಯಲ್ಲಿ ಗಡಿಗೆ, ಬಾಗಿಲಿಗೆ ಕಟ್ಟಿದ ಒದ್ದೆ ಗೋಣಿತಾಟು, ನೀರಿನ ಏರ್ ಕೂಲರ್ ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತವೆ. ಕೂಲರ್ ಹಾಕಿದಾಗ ಮಾತ್ರ ಒಂದು ಕಿಟಕಿ ತೆರೆದಿರಲಿ. ಇಲ್ಲವಾದರೆ ತೇವ ತುಂಬಿ ಕೋಣೆಯೇ ಕಡಲತೀರವಾಗುತ್ತದೆ. ಗಡಿಗೆಗೆ ಎಣ್ಣೆಬಣ್ಣ ಬಳಿಯಬೇಡಿ. ರಂಧ್ರ ಮುಚ್ಚಿದರೆ ಅದು ಬೆವರುವುದಿಲ್ಲ.

ಮನೆಯ ಎಚ್ಚರಿಕೆ

ಬಿಸಿಲೇರುವ ಮುನ್ನ ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಹೊರಗೆ ತಂಪಾದ ಮೇಲೆ ತೆರೆಯಿರಿ. ಮಧ್ಯಾಹ್ನ 12ರಿಂದ 3ರವರೆಗೆ ಮಕ್ಕಳ ಕ್ರಿಕೆಟ್ ಬೇಡ. ನಮ್ಮ ಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆಗೆ ತರುವ ಪದ್ಧತಿಯಿದೆ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನಿಂಬೆ ಪಾನಕ ಒಳ್ಳೆಯದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರರನ್ನು ಕೇಳಿಕೊಳ್ಳಲಿ. ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನು ಐದು ನಿಮಿಷವೂ ಬಿಡಬೇಡಿ.

ತಗಡು, ಕಾಂಕ್ರೀಟ್ ಛಾವಣಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲು ಪ್ರತಿಫಲಿಸಿ ಒಳಗೆ ಕಾವು ತಗ್ಗುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿಗೆ ಏರಿತ್ತು. ಆ ತಿಂಗಳು ಅಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. ಆ ನಗರ 2013ರಲ್ಲಿ ಬಿಸಿಲನ್ನು ಎದುರಿಸುವ ಯೋಜನೆ ಸಿದ್ಧಪಡಿಸಿತು. ಬಡವರ ಮನೆಗಳ ಛಾವಣಿಗೆ ಬಿಳಿ ಬಣ್ಣ ಬಳಿಯುವುದೂ ಮುಂದೆ ಅದರಲ್ಲಿ ಸೇರಿತು.

ಇದು ಜ್ವರವಲ್ಲ

ಬಿಸಿಲಿನಲ್ಲಿ ತಲೆಸುತ್ತು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು ಮೊದಲ ಸೂಚನೆಗಳು. ನೆರಳಿಗೆ ಕರೆತಂದು ನೀರು ಕುಡಿಸಿ. ಮಾತು ತೊದಲಿದರೆ, ಗೊಂದಲದ ಮಾತಾಡಿದರೆ, ಮೈ 40 ಡಿಗ್ರಿ (104 ಫ್ಯಾರನ್‌ಹೀಟ್) ಮುಟ್ಟಿದರೆ ಅದು ಸೂರ್ಯಾಘಾತ. ಬೆವರು ನಿಂತಿರಬಹುದು, ನಿಲ್ಲದೆಯೂ ಇರಬಹುದು. ಜ್ವರದಲ್ಲಿ ಮೈಬಿಸಿ ಏರಿಸುವುದು ಮೆದುಳೇ. ಇಲ್ಲಿ ದೇಹ ತಂಪಾಗುವ ಏರ್ಪಾಡೇ ಸೋತಿರುತ್ತದೆ. ಆದ್ದರಿಂದ ಜ್ವರದ ಮಾತ್ರೆಯಿಂದ ಪ್ರಯೋಜನವಿಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರದೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆಗೆ, ಕಂಕುಳಿಗೆ ತಣ್ಣೀರಿನ ಬಟ್ಟೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು.

ಈಗ ಅವ್ವನ ಮಂಚ ತಗಡಿನ ಕೋಣೆಯಲ್ಲಿಲ್ಲ, ನಡುಮನೆಯಲ್ಲಿದೆ. ಪಕ್ಕದಲ್ಲಿ ಒಂದು ಸಣ್ಣ ಗಡಿಗೆ. ಗಂಟೆಗೊಮ್ಮೆ ಅರ್ಧ ಲೋಟ ನೀರು ಕುಡಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವುದು ಮೊಮ್ಮಗಳ ಕೆಲಸ. “ಪರೀಕ್ಷಾಕ್ಕಿಂತ ಇದು ಜೋರದ” ಎಂದು ಅವ್ವ ಗೊಣಗುತ್ತಲೇ ಕುಡಿಯುತ್ತಾಳೆ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಮನೆಯ ಅಜ್ಜ, ಅಜ್ಜಿಯರ ಕ್ಯಾಲೆಂಡರಿಗೆ ಗೆರೆ ಎಳೆಯುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.